ಗಂಟಲು ನೋವಿಗೆ ಕಳಿಸಿದ ಉಂಡೆ

ದುಬೈ, ೬ ನವೆಂಬರ್ ೧೯೯೭

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಸೌಂದರ್ಯಾ ಮಾಡುವ ನಮಸ್ಕಾರಗಳು.

ನಾವು ಮೂವರೂ ಕ್ಷೇಮ ಎಂದು ಬರೆಯಬೇಕು, ಬರೆದರೆ ಸುಳ್ಳಾಗುತ್ತದೆ. ಶಿವಾನಿ ದೀಪಾವಳಿಯಿಂದ ಕೆಮ್ಮುತ್ತಿದ್ದಾಳೆ. ಇಲ್ಲಿ ಹೊರಗೆ ಸೆಕೆ, ಒಳಗೆ ಏಸಿ. ಶಾಲೆಯ ಬಸ್ಸಿನಲ್ಲಿ ಏಸಿ, ತರಗತಿಯಲ್ಲಿ ಏಸಿ. ಬೆವರಿದ ಮಗು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುವಷ್ಟರಲ್ಲಿ ಮೂಗು ಸೋರಲು ಶುರು. ಮೂಗು ನಿಂತಿತು ಎನ್ನುವಾಗ ಗಂಟಲು. ಉಗುಳು ನುಂಗಲೂ ಅಳುತ್ತಾಳೆ.

ಡಾಕ್ಟರು ಕೊಟ್ಟ ಸಿರಪ್ಪು ಬೇವಿನ ರಸಕ್ಕಿಂತ ಕಹಿ. ಚಮಚ ಕಂಡರೆ ಸಾಕು, "ಯಕ್ ಮಮ್ಮೀ, ಐ ಡೋಂಟ್ ವಾಂಟ್!" ಎಂದು ಮಂಚದ ಕೆಳಗೆ ಸೇರುತ್ತಾಳೆ. ಹಿಡಿದು ಕುಡಿಸಿದರೆ ಪರದೆಯ ಮೇಲೆ ಉಗಿಯುತ್ತಾಳೆ. ಪದೇಪದೇ ಡಾಕ್ಟರ ಹತ್ತಿರ ಓಡುವುದು ನಮ್ಮಂಥವರ ಕೈಗೆ ನಿಲುಕುವ ಮಾತಲ್ಲ. ಹಾಲಿಲ್ಲದ ಸುಲೇಮಾನಿ ಚಹಾಕ್ಕೆ ನಿಂಬೆ ಹಿಂಡಿ ಕೊಟ್ಟೆ, ಶುಂಠಿ ಜೇನು ಕೊಟ್ಟೆ, ಉಪ್ಪುನೀರು ಬಾಯಿ ಮುಕ್ಕಳಿಸು ಎಂದೆ. ಅವಳು ಅದನ್ನೂ ನುಂಗಿಬಿಟ್ಟಳು.

ಇವರು ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಿಂದ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ನಾನೊಬ್ಬಳೇ ಅವಳ ಎದೆಯ ಸುಂಯ್ ಸುಂಯ್ ಸದ್ದು ಕೇಳುತ್ತ ಕೂತಿರುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ ಅತ್ತೆ. ಸಣ್ಣವರಿದ್ದಾಗ ಇವರಿಗೆ ನೀವು ಗಸಗಸೆ ಹಾಲು ಮಾಡಿ ಕೊಡುತ್ತಿದ್ದಿರಂತೆ. ಇವರು ಇವತ್ತಿಗೂ ಅದರ ರುಚಿ ನೆನೆಸುತ್ತಾರೆ. ಹೇಗೆ ಮಾಡುವುದೆಂದು ಬರೆಯಿರಿ. ಗಸಗಸೆಯನ್ನು ಇಲ್ಲೇ ನೈಫ್ ಬಜಾರಿನ ಅಂಗಡಿಗಳಲ್ಲಿ ತರುತ್ತೇನೆ. ಮಾವನವರಿಗೆ ನಮಸ್ಕಾರ.

ಸೌಂದರ್ಯಾ


ಗದಗ, ೧೮ ನವೆಂಬರ್ ೧೯೯೭

ಚಿರಂಜೀವಿ ಸೌಂದರ್ಯಾಳಿಗೆ ರುದ್ರವ್ವನ ಆಶೀರ್ವಾದಗಳು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎಂಬ ಮಾತು ನಿನ್ನನ್ನು ನೋಡಿಯೇ ಹುಟ್ಟಿರಬೇಕು. ಮಗು ದೀಪಾವಳಿಯಿಂದ ಕೆಮ್ಮುತ್ತಿದ್ದರೆ ಈಗ ಕೇಳುತ್ತೀಯಾ? ನಮ್ಮ ಮನೆಗೆ ಇನ್ನೂ ಫೋನು ಬಂದಿಲ್ಲ, ಸರಿ. ಕಾಗದವಾದರೂ ಬೇಗ ಬರೆಯಬಹುದಿತ್ತು.

ನಿನ್ನ ಗಂಡನೇನು ಕಡಿಮೆಯವನಲ್ಲ. ಕಷಾಯ ಮಾಡಿಟ್ಟರೆ ಎಮ್ಮೆಯ ಬಾನಿಗೆ ಸುರಿದು, ಕುಡಿದೆ ಎಂದು ಹೇಳುತ್ತಿದ್ದ. ಮಕ್ಕಳ ಔಷಧ ಸಿಹಿಯಾಗಿರಬೇಕು, ಕಹಿ ಕುಡಿಸಿ ಗೆದ್ದವರಿಲ್ಲ. ಗಸಗಸೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿ, ಬಿಸಿ ನೀರಲ್ಲಿ ನೆನೆಹಾಕು. ಒಣಕೊಬ್ಬರಿ, ಎರಡು ಬಾದಾಮಿ ಸೇರಿಸಿ ಬೆಣ್ಣೆಯಂತೆ ಅರೆ. ಹಾಲಿಗೆ ಹಾಕಿ ಕುದಿಸಿ, ಬೆಲ್ಲ, ಏಲಕ್ಕಿ, ಚಿಟಿಕೆ ಮೆಣಸಿನ ಪುಡಿ. ಬೆಲ್ಲವನ್ನು ಇಳಿಸಿದ ಮೇಲೆ ಹಾಕು, ಇಲ್ಲವಾದರೆ ಹಾಲು ಒಡೆಯುತ್ತದೆ. ಗಂಟಲು ತಣ್ಣಗಾಗುತ್ತದೆ, ಕೆಮ್ಮು ನಿಲ್ಲುತ್ತದೆ, ಮಗು ಹಾಯಾಗಿ ನಿದ್ದೆ ಮಾಡುತ್ತದೆ. ಕೊಟ್ಟ ನೀನೂ ನಿದ್ದೆ ಮಾಡುತ್ತೀಯ.

ಅಲ್ಲಿ ಗಸಗಸೆ ಹಳೆಯದಿದ್ದರೆ ಬೇಡ, ಮುಗ್ಗಲು ವಾಸನೆ ಬರುತ್ತದೆ. ನಾನೇ ಕಳಿಸುತ್ತೇನೆ. ನಿಮ್ಮ ಮಾವ ಶೇಖಪ್ಪನವರು ದಿನಕ್ಕೆ ನಾಲ್ಕು ಸಲ "ಕೂಸು ಹ್ಯಾಂಗೈತಂತ?" ಎಂದು ನನ್ನನ್ನು ಕೇಳುತ್ತಾರೆ, ನಾನೇ ಅಂಚೆಯವಳು ಎಂಬಂತೆ.

ರುದ್ರವ್ವ


ದುಬೈ, ೩೦ ನವೆಂಬರ್ ೧೯೯೭

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಕಾಗದ ತಲುಪಿದ ದಿನವೇ ಶಿವಾನಿಯನ್ನು ಪಕ್ಕದ ಮನೆಯ ಸಕೀನಾಳ ಹತ್ತಿರ ಬಿಟ್ಟು ನೈಫ್‌ಗೆ ಹೋದೆ. ಕಾಸರಗೋಡಿನ ಕಡೆಯವನೊಬ್ಬನ ಸಾಂಬಾರ ಪದಾರ್ಥದ ಅಂಗಡಿ ಇದೆ. ನಾನು ಗಸಗಸೆ ಎಂದದ್ದೇ ತಡ, ಅವನ ಕೈಯಲ್ಲಿದ್ದ ಜೀರಿಗೆಯ ಪೊಟ್ಟಣ ಅಲ್ಲೇ ನಿಂತಿತು. ಬಾಗಿಲ ಕಡೆ ನೋಡಿ, "ಮಾಫಿ, ಮಾಫಿ. ಅದು ಇಲ್ಲ ಅಕ್ಕಾ. ಇನ್ನು ಯಾವ ಅಂಗಡಿಯಲ್ಲೂ ಅದನ್ನು ಕೇಳ್ಬೇಡಿ ಮಾರಾಯ್ರೆ" ಎಂದ. ನನ್ನನ್ನು ಸುಮ್ಮನೆ ಹೋಗಲೂ ಬಿಡಲಿಲ್ಲ. ಒಳಗೆ ಕರೆದು ಇನ್ನೂ ಒಂದಿಷ್ಟು ಹೇಳಿದ.

ಅದೆಲ್ಲ ಇರಲಿ. ಇಲ್ಲಿಯ ಸರ್ಕಾರ ಗಸಗಸೆಯನ್ನು ದೇಶದೊಳಗೆ ಬಿಡುವುದಿಲ್ಲವಂತೆ. ತರುವವರಿಗೆ ತೊಂದರೆಯಾಗುತ್ತದಂತೆ. ಆದ್ದರಿಂದ ನೀವು ಯಾರ ಕೈಯಲ್ಲೂ ಗಸಗಸೆ ಕಳಿಸಬೇಡಿ. ಈ ಮಾತನ್ನು ದಯವಿಟ್ಟು ಮರೆಯಬೇಡಿ. ಉಳಿದದ್ದನ್ನು ಊರಿಗೆ ಬಂದಾಗ ಹೇಳುತ್ತೇನೆ.

ಶಿವಾನಿಗೆ ಗಸಗಸೆ ಇಲ್ಲದೆಯೇ ಬಾದಾಮಿ ಹಾಲು ಮಾಡಿ ಕೊಟ್ಟೆ. ಕುಡಿದಳು, ಕೆಮ್ಮು ಹಾಗೇ ಇದೆ. ನಿನ್ನೆ ಶಾಲೆಯಿಂದ ವಾಪಸು ಕಳಿಸಿದರು.

ಸೌಂದರ್ಯಾ


ಗದಗ, ೧೩ ಡಿಸೆಂಬರ್ ೧೯೯೭

ಚಿ. ಸೌಂದರ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಿಮ್ಮ ಮಾವನವರೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟೆತ್ತರದ ಕಟ್ಟಡ ಕಟ್ಟಿದ ಸರ್ಕಾರಕ್ಕೆ ಸಾಸಿವೆಗಿಂತ ಸಣ್ಣ ಕಾಳು ಕಂಡರೆ ಭಯವೇ? ತೊಂದರೆ ಎಂದರೆ ಇನ್ನೇನು, ಕಸಿದುಕೊಂಡು ಕಸದ ಬುಟ್ಟಿಗೆ ಹಾಕುತ್ತಾರೆ. ಹೋದ ವರ್ಷ ನಿನಗೆ ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿಗೆ ಮುಂಬೈಯಲ್ಲಿ ಅದೇ ಗತಿಯಾಯಿತಲ್ಲ. ಎಣ್ಣೆ ಸೋರುತ್ತದೆ ಎಂದು ಎಸೆದರು, ನಾನೇನು ಅಳುತ್ತ ಕೂತೆನೇ?

ಅವರು ಚಾಪೆಯ ಕೆಳಗೆ ತೂರಿದರೆ ನಾವು ರಂಗೋಲಿಯ ಕೆಳಗೆ ತೂರಬೇಕು. ಕಾಳು ಕಂಡರೆ ತಾನೇ ಕಸಿಯುವುದು? ಗಸಗಸೆಯನ್ನು ಕೆಂಪಗೆ ಹುರಿದು, ಕಾಳಿನ ಗುರುತು ಸಿಗದಂತೆ ಬೀಸಿ ಅಂಟಿನ ಉಂಡೆಗೆ ಹಾಕಿದ್ದೇನೆ. ಉತ್ತತ್ತಿ, ಕೊಬ್ಬರಿ, ಶುಂಠಿ, ಮೆಣಸು ಎಲ್ಲ ಇದೆ. ಮೂಗಿಗೆ ಹಿಡಿದರೂ ಬೆಲ್ಲ, ತುಪ್ಪ ಬಿಟ್ಟರೆ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಒಂದು, ಮಲಗುವಾಗ ಒಂದು. ಔಷಧವೆಂದು ಹೇಳಬೇಡ, ಅಜ್ಜಿಯ ಚಾಕಲೇಟು ಎಂದು ಹೇಳು.

ಅಬುಧಾಬಿಯಲ್ಲಿರುವ ನಮ್ಮ ಓಣಿಯ ಸಿದ್ದೇಶ ರಜೆ ಮುಗಿಸಿ ಹೊರಟಿದ್ದಾನೆ. ಡಬ್ಬಿಯನ್ನೂ ಈ ಕಾಗದವನ್ನೂ ಅವನ ಕೈಯಲ್ಲೇ ಕೊಟ್ಟಿದ್ದೇನೆ. ಏನಿದೆ ಎಂದು ಅವನಿಗೆ ಹೇಳಿಲ್ಲ, ದಾರಿಯಲ್ಲೇ ಮುಗಿಸಿಬಿಟ್ಟಾನು.

ರುದ್ರವ್ವ


ದುಬೈ, ೨೪ ಡಿಸೆಂಬರ್ ೧೯೯೭

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಡಬ್ಬಿ ಮುಟ್ಟಿತು. ಸಿದ್ದೇಶ ಅಬುಧಾಬಿಗೆ ಹೋಗುವ ಮೊದಲು ತಾನೇ ಮನೆಗೆ ಬಂದು ಕೊಟ್ಟು, ಚಹಾ ಕುಡಿದು ಹೋದ. ಆಮೇಲೆ ನಿಮ್ಮ ಕಾಗದ ಓದಿದೆ. ಇವರೂ ಓದಿದರು. ಓದಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಶಿವಾನಿಗೆ ಈಗ ಗುಣವಾಗಿದೆ. ಗಂಟಲು ನೋವಿಲ್ಲ, ಶಾಲೆಗೆ ಹೋಗುತ್ತಿದ್ದಾಳೆ. ಆದ್ದರಿಂದ ಇನ್ನು ಉಂಡೆ ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ. ನಿಮಗೂ ಬೆನ್ನು ನೋವು, ಬೀಸುವುದು ಕುಟ್ಟುವುದು ಬೇಡ. ಮನೆಯಲ್ಲಿ ಬೇಕಾದಷ್ಟು ಇದೆ. ನಿಜವಾಗಿಯೂ ಬೇಡ.

ಮೊನ್ನೆ ನಿಮ್ಮ ಓಣಿಯ ಎಸ್‌ಟಿಡಿ ಬೂತಿಗೆ ಫೋನು ಮಾಡಿದ್ದೆ. ಬೂತಿನವರು ನಿಮ್ಮನ್ನು ಕರೆತಂದರು, ಆದರೆ ಹಿಂದೆ ಹತ್ತು ಜನರ ಮಾತು ಕೇಳುತ್ತಿತ್ತು. ಹೇಳಬೇಕೆಂದದ್ದು ಹೇಳಲಾಗಲಿಲ್ಲ. ಬಿಪಿಯ ಮಾತ್ರೆ ತಪ್ಪಿಸಬೇಡಿ.

ಸೌಂದರ್ಯಾ


ಗದಗ, ೫ ಜನವರಿ ೧೯೯೮

ಚಿ. ಸೌಂದರ್ಯಾಳಿಗೆ ಆಶೀರ್ವಾದಗಳು.

ಹೇಳಿದೆನೋ ಇಲ್ಲವೋ! ದೊಡ್ಡ ಡಾಕ್ಟರಿಗೆ ಆಗದ್ದು ಅಜ್ಜಿಯ ಉಂಡೆಗೆ ಆಯಿತು. ನಿನ್ನ ಕಾಗದವನ್ನು ಓಣಿಗೆಲ್ಲ ಓದಿ ಹೇಳಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಎಂದು ಮೂಗು ಮುರಿಯುತ್ತಿದ್ದವರೆಲ್ಲ ಈಗ ಮಾಡುವ ರೀತಿ ಕೇಳಿಕೊಂಡು ಬರುತ್ತಿದ್ದಾರೆ.

ನನ್ನ ಬೆನ್ನಿನ ಚಿಂತೆ ನಿನಗೆ ಬೇಡ. ಬೇಡ ಬೇಡ ಎಂದು ಎರಡೆರಡು ಸಲ ಬರೆದದ್ದು ನನಗೆ ಅರ್ಥವಾಗದೇ? ಸೊಸೆಯಂದಿರ ಸಂಕೋಚ ನನಗೆ ಹೊಸದಲ್ಲ, ನಾನೂ ಒಬ್ಬಳ ಸೊಸೆಯಾಗಿದ್ದೆ. ಚಳಿ ಮುಗಿಯುವವರೆಗೆ ಮಗುವಿಗೆ ಬೇಕು. ಈ ಸಲ ದೊಡ್ಡ ಡಬ್ಬಿ ತುಂಬಿಸಿದ್ದೇನೆ, ಗಸಗಸೆಯನ್ನೂ ಸ್ವಲ್ಪ ಕೈ ಬಿಚ್ಚಿ ಹಾಕಿದ್ದೇನೆ.

ನಮ್ಮ ಹಿಂದಿನ ಓಣಿಯ ಖತೀಜಮ್ಮನ ಮಗಳು ಮೈಮೂನ ನಿನಗೆ ಗೊತ್ತಲ್ಲ, ನನ್ನ ಹತ್ತಿರ ನಾಲ್ಕನೆಯ ಇಯತ್ತೆ ಕಲಿತವಳು. ಅವಳ ಗಂಡ ಉಮರ್ ನಮ್ಮ ಅಭಿಜೀತನ ವರ್ಕ್‌ಶಾಪಿನಲ್ಲೇ ಪೇಂಟರ್. ಅವಳಿಗೆ ಅಂತೂ ವೀಸಾ ಬಂತು. ಕೂಸನ್ನು ಕಟ್ಟಿಕೊಂಡು ಇದೇ ಮೊದಲು ವಿಮಾನ ಹತ್ತುತ್ತಾಳೆ. ಮುಂಬೈಯಿಂದ ಹದಿನೇಳರಂದು ಹೊರಡುತ್ತಾಳೆ. ಗಾಬರಿಯ ಹುಡುಗಿ, ನೀವು ಗಂಡಹೆಂಡಿರೂ ಉಮರ್ ಜೊತೆ ವಿಮಾನ ನಿಲ್ದಾಣಕ್ಕೆ ಹೋಗಿ. ಅದಕ್ಕೇ ಈ ಕಾಗದವನ್ನು ಮೊದಲೇ ಅಂಚೆಗೆ ಹಾಕುತ್ತಿದ್ದೇನೆ. ಡಬ್ಬಿ ಅವಳ ಕೈಚೀಲದಲ್ಲಿದೆ. "ಟೀಚರ್ರ, ನನ್ನ ಕೂಸಿನಷ್ಟ ಜ್ವಾಕಿ ಮಾಡಿ ಒಯ್ತೀನ್ರಿ" ಎಂದು ಮಾತು ಕೊಟ್ಟಿದ್ದಾಳೆ.

ರುದ್ರವ್ವ


ದುಬೈ ವಿಮಾನ ನಿಲ್ದಾಣ, ೧೭ ಜನವರಿ ೧೯೯೮

ಅತ್ತೆ,

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಇವರ ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂತು. ಇದು ನಿಮಗೆ ತಲುಪುವಾಗ ಆಗಬೇಕಾದದ್ದು ಆಗಿಹೋಗಿರುತ್ತದೆ. ಆದರೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ಇಲ್ಲೇ ಕೂಗಿಬಿಡುತ್ತೇನೆ.

ಅಂಗಡಿಯವನು ಅಂದು ಹೇಳಿದ್ದು ಇದು. ಈ ದೇಶದಲ್ಲಿ ಗಸಗಸೆ ಅಫೀಮಿನ ಲೆಕ್ಕ. ಅಫೀಮಿನ ಗಿಡದ ಬೀಜ ಅಲ್ಲವೇ ಅದು. ಚೀಲದಲ್ಲಿ ಸಿಕ್ಕರೆ ಕಸಿದು ಬಿಡುವುದಿಲ್ಲ, ಹಿಡಿಯುತ್ತಾರೆ. ಜೈಲು ಅತ್ತೆ. ಮಸಾಲೆ ತಂದೆ, ಗೊತ್ತಿರಲಿಲ್ಲ ಎಂದರೆ ಕೇಳುವುದಿಲ್ಲವಂತೆ. ಅವನ ಪರಿಚಯದವನೊಬ್ಬ ಹೀಗೇ ಒಳಗೆ ಹೋಗಿ ಎರಡು ವರ್ಷ ಕೂತಿದ್ದನಂತೆ.

ಇದನ್ನು ನಿಮಗೆ ಬರೆಯಲಿಲ್ಲ. ನಿಮ್ಮ ಬಿಪಿಗೆ ಹೆದರಿದೆ. ಕಾಗದವನ್ನು ಯಾರಾದರೂ ಒಡೆದು ಓದಿಯಾರು ಎಂದು ಹೆದರಿದೆ. ಇಂಥ ಊರು ಬೇಡ, ಮಗುವನ್ನು ಕರೆದುಕೊಂಡು ಬಾ ಎಂದು ನೀವು ಹಟ ಹಿಡಿದೀರಿ ಎಂದೂ ಹೆದರಿದೆ. ಸಿದ್ದೇಶ ತಂದ ಡಬ್ಬಿಯನ್ನು ಇವರು ಆ ದಿನವೇ ಪುಡಿ ಮಾಡಿ ಪಾಯಿಖಾನೆಗೆ ಸುರಿದು, ಡಬ್ಬಿಯನ್ನು ಮೂರು ಸಲ ತೊಳೆದರು. ಶಿವಾನಿ ನಿಮ್ಮ ಒಂದು ಉಂಡೆಯನ್ನೂ ತಿನ್ನಲಿಲ್ಲ. ಕೆಮ್ಮು ತಾನಾಗಿ ಹೋಯಿತು. ಗುಣವಾಗಿದೆ ಎಂದು ನಾನು ಬರೆದ ಒಂದು ಮಾತು ಮೈಮೂನಳ ಕೈಗೆ ಡಬ್ಬಿ ಕೊಟ್ಟಿತು.

ಕಾಗದ ಓದಿದ ಕೂಡಲೇ ಇವರು ಉಮರ್‌ಗೆ ಹೇಳಿದರು. ಅವನು ಅವಳು ತಂಗಿದ್ದ ಮುಂಬೈಯ ಮುಸಾಫಿರಖಾನೆಗೆ ಫೋನು ಮಾಡಿದ. ಹೊರಟುಹೋಗಿದ್ದಳು. ಈಗ ಅವನು ಕಬ್ಬಿಣದ ಕಟಕಟೆ ಹಿಡಿದು ನಿಂತಿದ್ದಾನೆ. ಹೊಸ ಅಂಗಿ ಹಾಕಿಕೊಂಡಿದ್ದಾನೆ. "ಅಕ್ಕಾ, ನಾ ಕೂಸಿನ ಮಖಾ ಇನ್ನೂ ನೋಡಿಲ್ರಿ" ಎಂದು ಒಂದೇ ಸಲ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು. ವಿಮಾನ ಇಳಿದಿದೆ ಎಂದು ಬೋರ್ಡಿನಲ್ಲಿ ಬಂದಿದೆ. ಜನ ಹೊರಗೆ ಬರುತ್ತಿದ್ದಾರೆ. ಅವಳಿಲ್ಲ. ಬುರ್ಖಾ ಕಂಡಾಗಲೆಲ್ಲ ಉಮರ್ ಹೆಜ್ಜೆ ಮುಂದಿಡುತ್ತಾನೆ, ಮತ್ತೆ ಹಿಂದೆ ಬರುತ್ತಾನೆ. ಇವರು ನನ್ನ ಕಡೆ ನೋಡುತ್ತಿಲ್ಲ.

೧೮ ಜನವರಿ

ಮೈಮೂನ ಬಂದಳು. ಕೂಸೂ ಚೆನ್ನಾಗಿದೆ. ಅವಳ ಚೀಲವನ್ನು ಯಾರೂ ತೆಗೆಸಲಿಲ್ಲ. ಬಾಗಿಲಲ್ಲಿ ಕಂಡಾಗ ಉಮರ್ ಓಡಿಹೋಗಿ ಕೂಸನ್ನು ಎತ್ತಿಕೊಂಡ. ಕಾಗದವನ್ನು ಅಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಕಾರಿನಲ್ಲಿ ಅವಳು ಡಬ್ಬಿಯನ್ನು ನನ್ನ ಮಡಿಲಿಗಿಟ್ಟು, "ಟೀಚರ್ರ ಡಬ್ಬಿ, ಅಕ್ಕಾ. ಸ್ವಲ್ಪ ಕಡಿಮಿ ಐತ್ರಿ, ಬೈಬ್ಯಾಡ್ರಿ" ಎಂದಳು. ಮುಂಬೈಯಲ್ಲಿ ಅವಳ ಮುಂದೆ ಸಾಲಿನಲ್ಲಿದ್ದವನೊಬ್ಬ ಕನ್ನಡದವನು. ಫಿಡೆಲಿಸ್ ಎಂದು ಹೆಸರು, ಖಾನಾಪುರದ ಕಡೆಯವನು. ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಹೋಟೆಲಿನ ಅಡುಗೆಯವನಂತೆ. ಕೂಸು ಅತ್ತಾಗ ಎತ್ತಿಕೊಂಡನಂತೆ, ಅವಳ ಫಾರ್ಮು ತುಂಬಿಕೊಟ್ಟನಂತೆ. ಪಾಪ, ಮಾತಾಡಲೂ ಆಗದಷ್ಟು ಕೆಮ್ಮು. "ನನಗ ರೋಜಾ ಇತ್ರಿ, ನಾ ತಿನ್ನಂಗಿಲ್ಲ. ಟೀಚರ್ರ ಉಂಡಿ ಗಂಟಲಿಗೆ ಚಲೋ ಅಂತ ಅಣ್ಣಗ ನಾಕು ಕೊಟ್ಟೆ. ಪೇಪರಿನಾಗ ಸುತ್ತಿ ಚೀಲದಾಗ ಇಟ್ಕೊಂಡ."

ನಾನು ಕೇಳಿದೆ, ಅವನು ಎಲ್ಲಿ?

"ನನ್ನ ಹಿಂದನ ಇದ್ದರಿ. ಕೆಮ್ಮು ಬಂತಲ್ಲ, ಪೊಲೀಸರು ತಿರುಗಿ ನೋಡಿದ್ರು. ಚೀಲ ತಗಿ ಅಂದ್ರು. ನಾ ಕೂಸನ್ನ ಎತ್ಕೊಂಡು ಮುಂದ ಬಂದುಬಿಟ್ಟೆ."

ಅವಳಿಗೆ ಇನ್ನೂ ಏನೂ ತಿಳಿಯದು. ಉಮರ್ ಕಿಟಕಿಯ ಕಡೆ ಮುಖ ತಿರುಗಿಸಿದ. ಮನೆಗೆ ಬಂದ ಮೇಲೆ ಇವರು, "ನಮಗ ಅವನ್ಯಾರಂತ ಗೊತ್ತಿಲ್ಲ. ಬಿಟ್ಟಿರ್ತಾರ. ಖಲಾಸ್, ಮಾತು ಮುಗೀತು" ಎಂದರು. ಡಬ್ಬಿಯಲ್ಲಿದ್ದದ್ದೂ ಪಾಯಿಖಾನೆಗೆ ಹೋಯಿತು. ಅತ್ತೆ, ಬಿಟ್ಟಿರದಿದ್ದರೆ? ನಾವು ಹೋಗಿ ಉಂಡೆ ನಮ್ಮದು ಎಂದರೆ ಇವರನ್ನು ಹಿಡಿಯಬಹುದು, ನನ್ನನ್ನು ಹಿಡಿಯಬಹುದು, ಮೈಮೂನಳ ಹೆಸರೂ ಬರುತ್ತದೆ. ಹೋಗದಿದ್ದರೆ ಮುಖ ನೋಡದ ಮನುಷ್ಯನೊಬ್ಬ ನಮ್ಮ ಮನೆಯ ತಿಂಡಿಗಾಗಿ ಒಳಗೆ ಕೊಳೆಯುತ್ತಾನೆ. ಯಾರನ್ನು ಕೇಳಲಿ?

ಸೌಂದರ್ಯಾ


ಗದಗ, ೩೦ ಜನವರಿ ೧೯೯೮

ಸೌಂದರ್ಯಾ,

ನಿನ್ನ ಕಾಗದವನ್ನು ಅರ್ಧ ಓದಿ ಕನ್ನಡಕ ತೆಗೆದಿಟ್ಟೆ. ನಿಮ್ಮ ಮಾವ ಉಳಿದದ್ದನ್ನು ತಾವೇ ಓದಿ ಹೇಳಿದರು.

ಜೈಲು ಎನ್ನುವುದು ಎರಡಕ್ಷರದ ಶಬ್ದ. ಅದನ್ನು ಬರೆಯಲು ನಿನ್ನ ಪೆನ್ನಿನಲ್ಲಿ ಮಸಿ ಇರಲಿಲ್ಲವೇ? ನನ್ನ ಬಿಪಿಯನ್ನು ಕಾಪಾಡಲು ಹೋಗಿ ಬಾಣಂತಿ ಹುಡುಗಿಯನ್ನು ಬೆಂಕಿಗೆ ನೂಕಿದೆಯಲ್ಲ. ಬೈಯಬೇಕೆಂದೇ ಪೆನ್ನು ಹಿಡಿದೆ. ಬೈಯುತ್ತ ಹೋದರೆ ನನ್ನ ಹೆಸರೇ ಮೊದಲು ಬರುತ್ತದೆ. ಕಳಿಸಬೇಡ ಎಂದು ನೀನು ಬರೆದಿದ್ದೆ. ನನ್ನ ಜಾಣತನಕ್ಕೆ ಕೇಳಿಸಲಿಲ್ಲ.

ಇವತ್ತು ರಂಜಾನ್ ಹಬ್ಬ. ಹೊಸ ಬಟ್ಟೆಯ ಮನೆಗೆ ಈ ಸುದ್ದಿ ಒಯ್ಯಬಾರದು ಎಂದು ನಿಮ್ಮ ಮಾವ ತಡೆದರು. ಹೋದೆ. ಖತೀಜಮ್ಮ ಸುರಕುಂಬಾ ಪಾಯಸದ ಬಟ್ಟಲು ನನ್ನ ಕೈಗೆ ಕೊಟ್ಟು ಕೂತಳು. ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಕೂಗಲಿಲ್ಲ. "ಡಬ್ಬಿ ತಗದು ನೋಡು ಅಂದ್ರು ನಮ್ಮ ಮನ್ಯಾಗಿನ ಮಂದಿ. ಟೀಚರ್ರು ಕೊಟ್ಟಾರ, ತಗದು ನೋಡಿದ್ರ ಅವರಿಗೆ ಅವಮಾನ ಅಂತ ನಾನ ಬ್ಯಾಡ ಅಂದೆ" ಎಂದಳು. ಆ ಬಟ್ಟಲು ಕೈಯಲ್ಲೇ ತಣ್ಣಗಾಯಿತು.

ನೀನು ಯಾರನ್ನು ಕೇಳಲಿ ಎಂದೆ. ನನ್ನನ್ನು ಕೇಳು. ಹೋಗಿ ಹೇಳಿರಿ. ಹುರಿದ ಕೈ ನನ್ನದು, ಬೀಸಿದ ಕೈ ನನ್ನದು, ಮುಚ್ಚಿಟ್ಟು ಕಳಿಸಿದ ಬುದ್ಧಿಯೂ ನನ್ನದೇ. ಹಿಡಿಯುವುದಾದರೆ ನನ್ನನ್ನು ಕರೆಸಲಿ, ಬರುತ್ತೇನೆ. ಹೆದರಿಕೆ ಇಲ್ಲವೆಂದು ಅಲ್ಲ. ನನ್ನ ಮಗನನ್ನು ಜೈಲಿನ ಬಾಗಿಲಿಗೆ ಹೋಗು ಎಂದು ನಾನೇ ಬರೆಯುತ್ತಿದ್ದೇನೆ. ಬರೆದದ್ದನ್ನು ಎರಡು ಸಲ ಹರಿದೆ, ಮೂರನೆಯ ಸಲ ಅಂಚೆಗೆ ಹಾಕಲು ನಿಮ್ಮ ಮಾವನ ಕೈಗೆ ಕೊಡುತ್ತಿದ್ದೇನೆ.

ರುದ್ರವ್ವ


ದುಬೈ, ೧೧ ಫೆಬ್ರವರಿ ೧೯೯೮

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದಕ್ಕೆ ಕಾಯುವಷ್ಟು ಧೈರ್ಯ ನನಗಿರಲಿಲ್ಲ. ಅದು ಬರುವ ಮೊದಲೇ ಹೋಗಿಬಂದೆವು.

ಇವರ ಕಂಪನಿಯಲ್ಲಿ ಸರ್ಕಾರಿ ಕಚೇರಿ ಓಡಾಡುವ ಪಿಆರ್‌ಓ ಒಬ್ಬರಿದ್ದಾರೆ. ಅವರು ವಿಚಾರಿಸಿದರು. ಫಿಡೆಲಿಸ್ ಎಂಬವನು ಒಳಗಿರುವುದು ನಿಜವಾಗಿತ್ತು. ಅಲ್ಲಿಯವರೆಗೆ ಖಲಾಸ್ ಖಲಾಸ್ ಎನ್ನುತ್ತಿದ್ದ ಇವರು ಅಂದು ಊಟ ಬಿಟ್ಟು ಎದ್ದು, "ಶಿವಾನಿಯನ್ನ ಸಕೀನಾರ ಮನ್ಯಾಗ ಬಿಡು. ಎರಡು ದಿನದ ಬಟ್ಟೀನೂ ಕೊಟ್ಟು ಬಾ" ಎಂದರು. ಎರಡು ದಿನದ ಬಟ್ಟೆ ಎಂದದ್ದಕ್ಕೆ ನನಗೆ ಅಳು ಬಂತು. ಶಿವಾನಿ, "ಆರ್ ಯು ಗೋಯಿಂಗ್ ಟು ಇಂಡಿಯಾ ವಿದೌಟ್ ಮೀ?" ಎಂದು ಕೇಳಿದಳು.

ಪೊಲೀಸ್ ಕಚೇರಿಯ ಅಧಿಕಾರಿ ಗದರಿಸಲಿಲ್ಲ. ಕೂರಿಸಿ ಮೆಲ್ಲಗೆ ಮಾತಾಡಿದ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹಿಂದಿಯಲ್ಲಿ ತಿಳಿಸಿ ಹೇಳಲು ಒಬ್ಬರಿದ್ದರು. ಗಸಗಸೆ ಹೇಗೆ ಹುರಿಯುವುದು, ಎಷ್ಟು ಹಾಕುವುದು, ಯಾಕೆ ಹಾಕುವುದು, ಎಲ್ಲ ಹೇಳಿದೆ. ಬೀಸಿದ್ದು ಯಾಕೆ, ಮುಚ್ಚಿಡಲಿಕ್ಕೋ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೌದು ಎಂದೆ. ಇವರು ಕಣ್ಣು ಮುಚ್ಚಿಕೊಂಡರು. "ಆ ಮನುಷ್ಯ ನಿಮಗೆ ಏನಾಗಬೇಕು?" ಎಂದು ಕೇಳಿದರು. ಏನೂ ಆಗಬೇಕಾಗಿಲ್ಲ, ಅವನಿಗೆ ಕೆಮ್ಮು ಇತ್ತು ಎಂದೆ. ಅದನ್ನು ಅರಬಿಯಲ್ಲಿ ಹೇಳುವವರು ನನ್ನ ಮುಖ ನೋಡಿ ಇನ್ನೊಮ್ಮೆ ಕೇಳಿದರು.

ಇವರ ಪಾಸ್‌ಪೋರ್ಟ್ ಇಟ್ಟುಕೊಂಡು ಕಳಿಸಿದರು. ಉಂಡೆಯ ಪರೀಕ್ಷೆ ಮುಗಿಯುವವರೆಗೆ ಬಾಗಿಲು ತಟ್ಟಿದ ಸದ್ದಿಗೆಲ್ಲ ನಾವಿಬ್ಬರೂ ಬೆಚ್ಚುತ್ತಿದ್ದೆವು. ಹಾಲಿನವನು ಬೆಲ್ ಒತ್ತಿದಾಗ ಇವರು ಅಂಗಿಯ ಗುಂಡಿ ಹಾಕಿಕೊಂಡರು. ಮೈಮೂನಳನ್ನೂ ಕರೆಸಿದರು, ಕೇಳಿ ಕಳಿಸಿದರು. ಅವಳು ಈಗ ನನ್ನ ಮನೆಗೆ ಬರುವುದಿಲ್ಲ. ಉಮರ್ ಬರುತ್ತಾನೆ, ಬಾಗಿಲಲ್ಲೇ ಮಾತಾಡಿ ಹೋಗುತ್ತಾನೆ.

ನಾವು ಪಾರಾದೆವು ಅತ್ತೆ. ಪರೀಕ್ಷೆಯಲ್ಲಿ ಅಡುಗೆಯ ಗಸಗಸೆ ಬಿಟ್ಟು ಬೇರೇನೂ ಸಿಗಲಿಲ್ಲವೆಂದು ಕೇಸು ಮುಚ್ಚಿದರಂತೆ. ಪಾಸ್‌ಪೋರ್ಟ್ ಸಿಕ್ಕಿತು. ಫಿಡೆಲಿಸ್‌ನನ್ನೂ ಬಿಟ್ಟರು. ಆದರೆ ಅವನ ಹೋಟೆಲಿನ ಮಾಲೀಕ ನನಗೆ ಪೊಲೀಸರ ರಗಳೆ ಬೇಡ ಎಂದು ವೀಸಾ ರದ್ದು ಮಾಡಿಸಿದ. ಊರಿಗೆ ಕಳಿಸುವ ದಿನ ನೋಡಲು ಹೋಗಿದ್ದೆವು. ಸಣಕಲು ಮನುಷ್ಯ, ಕೊರಳಿಗೆ ಮಫ್ಲರ್. ನನ್ನ ಮಾತೆಲ್ಲ ಕೇಳಿ, "ನಾ ಅದನ್ನ ತಿಂದೂ ಇರಲಿಲ್ಲ ಅಕ್ಕಾ. ರೂಮಿಗೆ ಹೋಗಿ ಚಹಾದ ಜೊತಿ ತಿಂದ್ರಾಯ್ತು ಅಂತ ಇಟ್ಟಿದ್ದೆ" ಎಂದ. ನಿಮ್ಮ ವಿಳಾಸ ಕೇಳಿದ. ಬರೆದುಕೊಟ್ಟೆ. ಯಾಕೆ ಎಂದು ಕೇಳಲು ಧೈರ್ಯವಾಗಲಿಲ್ಲ. ಬಂದರೆ ಏನು ಅನ್ನುತ್ತಾನೋ, ಅನ್ನಿಸಿಕೊಳ್ಳಿ.

ಸೌಂದರ್ಯಾ


ಗದಗ, ೬ ಮಾರ್ಚ್ ೧೯೯೮

ಚಿ. ಸೌಂದರ್ಯಾಳಿಗೆ ಆಶೀರ್ವಾದಗಳು.

ಅವನು ಇವತ್ತು ಬಂದ. ಲೋಂಡಾದಿಂದ ರೈಲಿನಲ್ಲಿ ಬಂದು, ಓಣಿಯಲ್ಲಿ ಟೀಚರ್ ಮನೆ ಯಾವುದು ಎಂದು ಕೇಳಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಕೆಮ್ಮಿನ ಸದ್ದು ಕೇಳಿಯೇ ನನಗೆ ಅವನು ಯಾರೆಂದು ತಿಳಿಯಿತು. ನಿನ್ನ ಕಾಗದ ಬಂದಾಗಿನಿಂದ ಬಾಯಿಪಾಠ ಮಾಡಿಟ್ಟ ಮಾತೆಲ್ಲ ಮರೆತುಹೋಯಿತು. ನಿಮ್ಮ ಮಾವ ಕೈ ಮುಗಿದರು.

ಒಳಗೆ ಬಾ ಎಂದರೆ ಬರಲಿಲ್ಲ. ಬೈಯಲೂ ಇಲ್ಲ. "ಅವ್ವಾ, ನಮ್ಮ ಊರಾಗ ನನ್ನ ಅಫೀಮಿನವ ಅಂತಾರ್ರಿ. ನನ್ನ ತಂಗಿ ಲಗ್ನ ನಿಂತೈತಿ. ಉಂಡಿ ಅಂತ ಹೇಳಿದ್ರ ಮಂದಿ ನಗತಾರ, ಉಂಡಿಗೆ ಯಾರರ ಜೈಲಿಗೆ ಹಾಕ್ತಾರೇನು ಅಂತ. ನೀವು ಸಾಲಿ ಕಲಿಸಿದಾವ್ರಂತ. ರವಿವಾರ ಪೂಜಿ ಮುಗದ ಮ್ಯಾಲ ನಮ್ಮ ಇಗರ್ಜಿ ಮುಂದ ಮಂದಿ ನಿಂತಿರ್ತಾರ. ಬಂದು ಒಂದು ಮಾತು ಹೇಳ್ರಿ" ಎಂದ.

ಬರುತ್ತೇನೆ ಎಂದೆ. ಅವನು ನಂಬಲಿಲ್ಲವೋ ಏನೋ, ಮತ್ತೆ ಕೇಳಿದ. ಮತ್ತೆ ಹೇಳಿದೆ.

ಅಷ್ಟರಲ್ಲಿ ಅವನಿಗೆ ಕೆಮ್ಮು ಒತ್ತರಿಸಿ ಬಂದು ಕಣ್ಣಲ್ಲಿ ನೀರು ಬಂತು. ನಾನು ಒಳಗೆ ಓಡಿ ಹಾಲು ಕಾಯಿಸಿ, ಅರಿಸಿನ, ಮೆಣಸು, ಬೆಲ್ಲ ಹಾಕಿ ತಂದುಕೊಟ್ಟೆ. ಕೈಗೆ ತೆಗೆದುಕೊಂಡ. ಬಾಯಿಗೆ ಹಚ್ಚಲಿಲ್ಲ. "ಇದರಾಗ ಏನೇನು ಹಾಕೀರಿ?" ಎಂದು ಕೇಳಿದ. ಹೇಳಿದೆ. "ಮತ್ತೇನೂ ಇಲ್ಲಲ್ರಿ?" ಎಂದ. ಅವನ ಕೈಯಿಂದ ಲೋಟ ತೆಗೆದುಕೊಂಡು ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ, ಅವನ ಎದುರಿಗೇ ನಾನು ಕುಡಿದೆ. ನಿಮ್ಮ ಮಾವನೂ ಒಂದು ಗುಟುಕು ಕುಡಿದರು. ಅವನು ನಮ್ಮಿಬ್ಬರ ಮುಖ ನೋಡಿದ. "ಸಿಟ್ಟಾಗಬ್ಯಾಡ್ರಿ ಅವ್ವಾ, ನನ್ನ ಕೈಲಿ ಆಗೂದಿಲ್ಲ. ಬರೇ ನೀರು ಕೊಡ್ರಿ" ಎಂದ.

ಬಿಸಿ ನೀರು ಕೊಟ್ಟೆ. ಅದನ್ನೂ ಬೆಳಕಿಗೆ ಹಿಡಿದು ತಳ ನೋಡಿ ಕುಡಿದ.

ನಾಳೆ ಮಧ್ಯಾಹ್ನದ ಗಾಡಿಗೆ ನಾನೂ ನಿಮ್ಮ ಮಾವನೂ ಹೊರಡುತ್ತೇವೆ. ನಿವೃತ್ತಿಯಾಗುವವರೆಗೆ ಮಕ್ಕಳ ಮುಂದೆ ನಿಂತು ಮಾತಾಡಿದವಳು ನಾನು. ಆದರೆ ಪರವೂರಿನ ಚರ್ಚಿನ ಮುಂದೆ, ಗುರುತಿಲ್ಲದ ಮಂದಿಯ ನಡುವೆ ನಿಂತು, ಈ ಮನುಷ್ಯ ಕಳ್ಳನಲ್ಲ, ಕದ್ದು ಕಳಿಸಿದವಳು ನಾನು ಎಂದು ಹೇಳಬೇಕು. ಅವರು ನಕ್ಕರೆ ಏನು ಮಾಡಲಿ, ನನ್ನನ್ನೂ ನಂಬದಿದ್ದರೆ ಏನು ಮಾಡಲಿ ಎಂದು ನಿಮ್ಮ ಮಾವನನ್ನು ಕೇಳಿದೆ. "ಮುಂದಿನ ರವಿವಾರ ಮತ್ತ ಹೋಗೂಣು" ಎಂದರು.

ರುದ್ರವ್ವ